ಟೈಲುಗಳ ಪೃಷ್ಠಪರೀಕ್ಷೆ ಎಂಬ ಲಘುಶಾಸ್ತ್ರ

ಒಂದು ಕೈಯಲ್ಲಿ ನಾಣ್ಯವನ್ನೂ ಮತ್ತೊಂದರಲ್ಲಿ ಮಣ್ಣನ್ನೂ ಹಿಡಿದು, ಇವೆರಡಕ್ಕೂ ಭೇದವಿಲ್ಲವೆಂದು ಬಗೆದು, ಎರಡನ್ನೂ ಗಂಗೆಗೆಸೆದ ಪರಮಹಂಸರ ಹೆಸರನ್ನು ಹೊತ್ತ ಮೈಸೂರಿನ ರಾಮಕೃಷ್ಣನಗರದಲ್ಲಿ, ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವನ್ನು ಅಗೆದು ಹೊಸ ನೆಲವನ್ನು ಹಾಸಲುದ್ಯುಕ್ತರಾದ ಗೃಹಸ್ಥರು ನಾಣ್ಯವನ್ನು ಮಣ್ಣಾಗಿ ಮಾರ್ಪಡಿಸುವ ಸಾಧನೆಯಲ್ಲಿ ಗುರುವನ್ನೂ ಮೀರಿಸಿರುವರಾದರೂ, ಅದು ಯಾವ ಮಣ್ಣಾಗಬೇಕೆಂಬ ವಿಷಯದಲ್ಲಿ ಮಾತ್ರ ಇನ್ನೂ ಏಕಾಭಿಪ್ರಾಯಕ್ಕೆ ಬಂದಿಲ್ಲ. ಸಿರಾಮಿಕ್ಕೋ ಪೋರ್ಸಲೇನೋ ಎಂಬ ಈ ವಿವಾದವು ಆಂದೋಲನ ವೃತ್ತದಿಂದ ಲಿಂಗಾಂಬುಧಿ ಕೆರೆಯ ಏರಿಯವರೆಗೆ ಸಂಜೆಯ ವಾಯುವಿಹಾರಿಗಳ ಉಸಿರನ್ನು ವ್ಯಯಮಾಡುತ್ತಿರುವುದರಿಂದ, ಲೋಕೋಪಕಾರಾರ್ಥವಾಗಿ ಇದನ್ನು ಶಾಸ್ತ್ರೀಯವಾಗಿ ವಿಮರ್ಶಿಸತಕ್ಕದ್ದು.

ಪೂರ್ವಪಕ್ಷವು ಅದ್ವೈತಿಗಳದು. ಉದ್ದಾಲಕನು ಶ್ವೇತಕೇತುವಿಗೆ ಬೋಧಿಸಿದ ಮೃತ್ತಿಕೆಯ ದೃಷ್ಟಾಂತವನ್ನು ಮುಂದಿಟ್ಟುಕೊಂಡು, ಎರಡೂ ಮಣ್ಣೇ, ಎರಡೂ ಬೆಂಕಿಯಲ್ಲಿ ಬೆಂದವೇ, ಭೇದವು ನಾಮರೂಪಮಾತ್ರವೆಂದು ಸಾರಿ, ಇವರು ಅಗ್ಗವಾದುದನ್ನು ಕೊಳ್ಳುತ್ತಾರೆ. ದ್ವೈತಿಗಳು ಇದನ್ನೊಪ್ಪರು. ಫೆಲ್ಡ್‌ಸ್ಪಾರ್ ಬೆರೆತ ನಯವಾದ ಮಣ್ಣು 1200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಬೆಂದು, ಒಳರಂಧ್ರಗಳು ಗಾಜಿನಿಂದ ಮುಚ್ಚಿಹೋಗಿ, ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರನ್ನು ಹೀರಲೊಲ್ಲದಿದ್ದರೆ ಅದು ಪೋರ್ಸಲೇನು. ಗೋಡೆಗೆ ಹಚ್ಚುವ ಸಿರಾಮಿಕ್ಕಾದರೋ ಸಾಮಾನ್ಯವಾಗಿ ಶೇ. 10ನ್ನೂ ಮೀರಿ ಕುಡಿಯುವಂಥದು. ಕುಡಿಯುವವನಿಗೂ ಕುಡಿಯದವನಿಗೂ ಭೇದವಿಲ್ಲವೆಂಬ ಮಾತು ಯಾವ ಸಂಸಾರದಲ್ಲಿ ಸಲ್ಲುವುದು ಎಂಬುದು ಅವರ ಆಕ್ಷೇಪ. ವಿಶಿಷ್ಟಾದ್ವೈತಿಗಳ ಒಲವು ‘ಫುಲ್ ಬಾಡಿ’ ಟೈಲಿನ ಕಡೆಗೆ. ಮೇಲಿನ ಬಣ್ಣವೇ ಒಡಲೆಲ್ಲ ವ್ಯಾಪಿಸಿರುವ ಅದರಲ್ಲಿ, ಅಂಚು ಚಕ್ಕೆಯೆದ್ದಾಗಲೂ ಶರೀರ-ಶರೀರಿ ಸಂಬಂಧವು ಕೆಡುವುದಿಲ್ಲವಷ್ಟೆ.

ಪೋರ್ಸಲೇನಿನ ಕುಲವು ಉನ್ನತವಾದುದೆಂಬುದನ್ನು ಅಲ್ಲಗಳೆಯಲಾಗದು. ಚೀನದ ಗುಟ್ಟಾಗಿದ್ದ ಆ ವಿದ್ಯೆಯನ್ನು ಸ್ಯಾಕ್ಸನಿಯ ದೊರೆಯು, ಹೊನ್ನು ಮಾಡಿಕೊಡುವೆನೆಂದಿದ್ದ ಬ್ಯೋಟ್ಗರ್ ಎಂಬ ರಸವಾದಿಯನ್ನು ಸೆರೆಯಲ್ಲಿಟ್ಟು, 1708ರ ಸುಮಾರಿಗೆ ಪಡೆದನು. ನಮ್ಮ ಮೈಸೂರು ಸಂಸ್ಥಾನವಾದರೋ ಬೆಂಗಳೂರಿನ ಸರ್ಕಾರಿ ಪಿಂಗಾಣಿ ಕಾರ್ಖಾನೆಯಲ್ಲಿ ವಿದ್ಯುತ್ತಂತಿಯ ಇನ್ಸುಲೇಟರುಗಳನ್ನು ಮಾಡಿಸಿ ಅದನ್ನು ಕಂಬದ ತುದಿಗೇರಿಸಿತು. ಅರಸರ ಬಟ್ಟಲಾಗಿ, ಕಂಬದ ಕಿರೀಟವಾಗಿ ಮೆರೆದ ವಸ್ತು ಈಗ ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬಂದಿಳಿದು ನಮ್ಮ ಕಾಲಡಿಗೆ ಬಿದ್ದಿದೆ.

ಪ್ರಮಾಣವಿಚಾರದಲ್ಲಿ ಗ್ರಾಹಕರೆಲ್ಲರೂ ಎಡವುವುದು ಒಂದೇ ಕಡೆ: ಅಂಗಡಿಯ ದೀಪಪ್ರಭೆಯಲ್ಲಿ ಟೈಲಿನ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ಮುಖದ ಮೇಲೆ ಇಟಲಿಯ ಅಮೃತಶಿಲೆಯನ್ನು ಎರಡಕ್ಕೂ ಅಚ್ಚೊತ್ತಬಹುದು, ಸತ್ಯವಿರುವುದು ಬೆನ್ನಿನಲ್ಲಿ. ಬೋರಲು ಹಾಕಿ ನಾಲ್ಕು ಹನಿ ನೀರು ಚಿಮುಕಿಸಿದರೆ, ಸಿರಾಮಿಕ್ಕಿನ ಬೆನ್ನು ಹೀರಿಕೊಂಡು ಬಣ್ಣಗೆಡುವುದು. ಪೋರ್ಸಲೇನಿನ ಬೆನ್ನಿನ ಮೇಲೆ ಹನಿಯು ಇದ್ದಂತೆಯೇ ಇರುವುದು. ಆದುದರಿಂದಲೇ ಮೇಸ್ತ್ರಿಯು ಸಿರಾಮಿಕ್ಕನ್ನು ನೀರಿನಲ್ಲಿ ನೆನೆಹಾಕಿ ಸಿಮೆಂಟಿಗೆ ಕೂರಿಸುತ್ತಾನೆ. ನೀರೊಲ್ಲದ ಪೋರ್ಸಲೇನು ಬರಿಯ ಸಿಮೆಂಟಿಗೆ ಸರಿಯಾಗಿ ಕಚ್ಚದ ಕಾರಣ ಅಂಟು ಬೇರೆ ಕೊಳ್ಳಬೇಕು, ಇಲ್ಲದಿದ್ದರೆ ಕೆಲಕಾಲದ ಮೇಲೆ ತಟ್ಟಿದಲ್ಲಿ ಟೊಳ್ಳು ಸದ್ದು ಕೇಳಿಬರುವುದು. ಗೋಡೆಗೆ ಸಿರಾಮಿಕ್ಕು ಸಾಕು (ಅಲ್ಲಿ ನಡೆದಾಡುವವು ಹಲ್ಲಿಗಳಷ್ಟೆ), ನಡುಮನೆಗೂ ಕಾರು ನಿಲ್ಲುವ ಜಾಗಕ್ಕೂ ಪೋರ್ಸಲೇನೇ ತಕ್ಕುದು ಎಂಬುದು ನಮ್ಮ ಸಿದ್ಧಾಂತ. ಇಷ್ಟು ಕಷ್ಟದಿಂದ ನಿರ್ಣಯಿಸಿದ ಆ ಬೆನ್ನನ್ನು ನೆಲ ಹಾಸಿದ ಬಳಿಕ ಯಾವ ಜೀವಿಯೂ ಕಾಣಲಾರದೆಂಬುದು ಶಾಸ್ತ್ರಕ್ಕೆ ಹೊರತಾದ ವ್ಯಥೆ.

ಇಂಥ ವಾಗ್ವಾದವೊಂದು ಅಲ್ಲಿನ ಮನೆಯೊಂದರ ಜಗಲಿಯಲ್ಲಿ ರಂಗೇರಿದ್ದಾಗ, ಬಾಗಿಲ ಬಳಿ ಬತ್ತಿ ಹೊಸೆಯುತ್ತಿದ್ದ ಅಜ್ಜಿಯವರು, “ಅಲ್ರಪ್ಪಾ, ಎಣ್ಣೆನೀರು ಹಾಕ್ಕೊಂಡ ದಿನ ಬಚ್ಚಲಲ್ಲಿ ಕಾಲು ಜಾರದೆ ಇರೋದು ಇವೆರಡರಲ್ಲಿ ಯಾವುದು?” ಎಂದರು. ದ್ವೈತಿಯೂ ಅದ್ವೈತಿಯೂ ಪರಸ್ಪರ ಮುಖ ನೋಡಿಕೊಂಡರು. ಜಾರುವುದು ಒಡಲಿನ ಧರ್ಮವಲ್ಲ, ಮೇಲ್ಮೈಯ ಧರ್ಮ. ಎರಡರಲ್ಲಿಯೂ ನುಣುಪು ಉಂಟು, ಒರಟೂ ಉಂಟು ಎಂಬ ತತ್ತ್ವವನ್ನು ತಿಳಿದಿದ್ದವನು ಅಳತೆಯ ಟೇಪು ಸುತ್ತುತ್ತ ಕುಳಿತಿದ್ದ ಮೇಸ್ತ್ರಿಯೊಬ್ಬನೆ.

“ಯಾವ್ದಾದ್ರೂ ಸರಿ ಅಮ್ಮಾವ್ರೇ, ತರಿತರಿಯಾಗಿರೋದು ತರಿಸಿ.”

ಅಜ್ಜಿಯವರು ಅಲ್ಲಿಯೇ ಒಪ್ಪಿದರು. ವಿದ್ವಾಂಸರು ಗ್ರೌಟಿನ ಬಣ್ಣದ ವಿಚಾರವನ್ನು ಕೈಗೆತ್ತಿಕೊಂಡರು.