ಕಚೇರಿ ಕುರುಕು ಮೀಮಾಂಸೆ

ನಮ್ಮ ನಾಡಿನಲ್ಲಿ ತಿಂಡಿಯ ಶಾಸ್ತ್ರಕ್ಕೇನೂ ಬರವಿಲ್ಲ. ಎರಡನೆಯ ಚಾವುಂಡರಾಯ 11ನೇ ಶತಮಾನದಲ್ಲೇ ‘ಲೋಕೋಪಕಾರ’ದಲ್ಲಿ ಅಡುಗೆಗೆ ಜಾಗ ಕೊಟ್ಟ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಾಜ್ಯಭಾರದ ನಡುವೆ ಪುರಸೊತ್ತು ಮಾಡಿಕೊಂಡು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ವಡೆ, ದೋಸೆಗಳ ಕ್ರಮ ಬರೆದಿಟ್ಟ. ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲೇ ಹಾಡಿಬಿಟ್ಟ. ಮಾಡುವುದು ಹೇಗೆಂದು ಇವರೆಲ್ಲ ಹೇಳಿದರೇ ಹೊರತು, ಹನ್ನೊಂದು ಜನಕ್ಕೆ ಹತ್ತು ಬೋಂಡ ಬಂದರೆ ಗತಿಯೇನೆಂದು ಒಬ್ಬರೂ ಹೇಳಲಿಲ್ಲ. 1958ರ ಕರ್ನಾಟಕ ನಾಗರಿಕ ಸೇವಾ ನಿಯಮಗಳೂ ರಜೆ, ಪಿಂಚಣಿಗಳ ಬಗ್ಗೆ ಪುಟಗಟ್ಟಲೆ ಬರೆದು ಬೋಂಡದ ವಿಷಯಕ್ಕೆ ಮೌನವಾಗಿವೆ. ಈ ಲೋಪವನ್ನು ತುಂಬಲು ಹೊರಟದ್ದು ಪ್ರಸ್ತುತ ಪ್ರಬಂಧ. ಇದಕ್ಕೆ ಆಕರ, ಬೆಂಗಳೂರಿನ ಸರ್ಕಾರಿ ಕಚೇರಿಯೊಂದರ ಮೂರನೇ ಮಹಡಿಯ ತಿಂಡಿ ಸಂಘ.

ಶಾಸ್ತ್ರ ಬರೆಯುವವರು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಅಧಿಕಾರಿ ಎಂದರೆ ಸಾಹೇಬರಲ್ಲ. ತಿಂಗಳ ಮೊದಲ ವಾರ ವಂತಿಗೆ ಕಟ್ಟಿದವರು. ವಿಷಯ, ಸಂಜೆ ನಾಲ್ಕರ ಕುರುಕು. ಸಂಬಂಧ, ಸಂಬಳದ ದಿನ ಗಟ್ಟಿ, ಇಪ್ಪತ್ತೈದನೇ ತಾರೀಕಿನ ಮೇಲೆ ತೆಳು. ಪ್ರಯೋಜನವನ್ನು ಡಾಕ್ಟರು ಕೇಳಬಹುದು, ನಾವು ಕೇಳಕೂಡದು.

ಇನ್ನು ಋತ್ವಿಜರು. ಶ್ರೌತಯಾಗದಲ್ಲಿ ಹೋತೃ ಮಂತ್ರ ಹೇಳುತ್ತಾನೆ, ಉದ್ಗಾತೃ ಸಾಮ ಹಾಡುತ್ತಾನೆ, ಅಧ್ವರ್ಯು ಮೈಬಗ್ಗಿಸಿ ಕೆಲಸ ಮಾಡುತ್ತಾನೆ, ಬ್ರಹ್ಮ ತಪ್ಪಾಗದಂತೆ ನೋಡುತ್ತ ಸುಮ್ಮನೆ ಕೂತಿರುತ್ತಾನೆ. ನಮ್ಮಲ್ಲಿ ಮೇಜಿಂದ ಮೇಜಿಗೆ ಹೋಗಿ “ಮೇಡಂ, ನಿಮಗೆ ಒಂದೋ ಎರಡೋ?” ಎಂದು ಚೀಟಿ ಬರೆಯುವ ಎಸ್‌ಡಿಎ ಹೋತೃ. ಪೊಟ್ಟಣ ಬಿಚ್ಚುವ ಮೊದಲೇ “ಆಹಾ, ಏನ್ ಘಮ!” ಎನ್ನುವ ಟಪಾಲು ವಿಭಾಗದವರು ಉದ್ಗಾತೃ. ಸೂಪರಿಂಟೆಂಡೆಂಟರೇ ಬ್ರಹ್ಮ, ಇದನ್ನು ವಿವರಿಸುವ ಅಗತ್ಯ ಕಾಣುವುದಿಲ್ಲ. ಬಿಸಿಲಲ್ಲಿ ರಸ್ತೆ ದಾಟಿ ಹೋಗಿ ಬರುವ ಅಟೆಂಡರ್ ಅಧ್ವರ್ಯು. ಅಂಗಡಿ ಯಾವುದು, ಎಣ್ಣೆ ಎಷ್ಟು ಹಳೆಯದು, ಚಟ್ನಿ ಕಟ್ಟಿಸಬೇಕೋ ಬೇಡವೋ, ಎಲ್ಲ ನಿರ್ಧಾರವೂ ಅವನದೇ. ದಾರಿಯಲ್ಲಿ ಒಂದು ಬೋಂಡ ಕಡಿಮೆಯಾದರೆ ಅದು ಕಳವಲ್ಲ, ಅಧ್ವರ್ಯುಭಾಗ. ಹನ್ನೊಂದಕ್ಕೆ ಹತ್ತು ಬರುವ ರಹಸ್ಯ ಇಷ್ಟೇ.

ಕರ್ಮಗಳು ಮೂರು ಬಗೆ. ನಿತ್ಯವೆಂದರೆ ಖಾರಾಬೂಂದಿ, ಚುರುಮುರಿ, ನಿಪ್ಪಟ್ಟು: ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ದೋಷ. ನಿಮಿತ್ತ ಒದಗಿದಾಗ ಮಾಡುವಂಥದು ನೈಮಿತ್ತಿಕ: ಬಡ್ತಿ, ಇನ್ಕ್ರಿಮೆಂಟ್, ಮಗಳಿಗೆ ಸೀಟು, ಹೊಸ ಸ್ಕೂಟರ್. ಸೆಕೆಂಡ್ ಹ್ಯಾಂಡ್ ಸ್ಕೂಟರಿಗೆ ಆಲೂಬನ್ ಸಾಕು ಎಂಬುದು ಒಂದು ಪಕ್ಷ. ಗಾಡಿ ಹಳೆಯದಾದರೂ ಸಂತೋಷ ಹೊಸದೇ, ಆದ್ದರಿಂದ ಜಾಮೂನೇ ಆಗಬೇಕು ಎಂಬುದು ಸಂಘದ ಸಿದ್ಧಾಂತ. ಫಲ ಬಯಸಿ ಮಾಡುವುದು ಕಾಮ್ಯ. ಯಾವ ಕಾರಣವೂ ಇಲ್ಲದೆ ಒಬ್ಬರು ಮಂಗಳವಾರ ತುಪ್ಪದ ಮೈಸೂರುಪಾಕು ತಂದರೆಂದರೆ ಬುಧವಾರ ಅವರ ಗಳಿಕೆ ರಜೆಯ ಅರ್ಜಿ ಮೇಲೆ ಹೋಗುತ್ತದೆ. ಪಾಕಿನ ಮೃದುತ್ವ ನೋಡಿ ರಜೆ ಎಷ್ಟು ದಿನದ್ದೆಂದು ಹೇಳಬಲ್ಲ ಪಂಡಿತರು ನಮ್ಮಲ್ಲಿದ್ದಾರೆ.

ಸೋಮಲತೆ ಸಿಗದಿದ್ದರೆ ಪೂತೀಕವನ್ನು ಬಳಸಬಹುದೆಂದು ಮೀಮಾಂಸಕರು ಒಪ್ಪಿದ್ದಾರೆ. ಅದೇ ನ್ಯಾಯದಿಂದ, ಬೋಂಡ ಮುಗಿದಿದ್ದರೆ ಅಯ್ಯಂಗಾರ್ ಬೇಕರಿಯ ಖಾರಾಬನ್ ತರಬಹುದು. ಹಾಸನ ಸೀಮೆಯ ಅಯ್ಯಂಗಾರರು ಊರ ತುಂಬ ಬೇಕರಿ ತೆರೆದದ್ದರಿಂದ ಎಷ್ಟು ಯಾಗಗಳು ಭಂಗವಾಗದೆ ಉಳಿದವೋ! ಮದ್ದೂರು ವಡೆ ಮಾತ್ರ ಯಾರ ಪ್ರತಿನಿಧಿಯಾಗಿಯೂ ಬರುವುದಿಲ್ಲ. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ, ಧಾರಾಳ ಈರುಳ್ಳಿ ಬಿದ್ದ ಆ ವಡೆ ರೈಲಿನಲ್ಲಿ ಮಾರಿ ಹೆಸರಾದದ್ದು. ಮೈಸೂರು ಕಡೆ ಡ್ಯೂಟಿಗೆ ಹೋದವರು ತಂದಾಗ ತಾನೇ ಪ್ರಧಾನ ದೇವತೆಯಾಗಿ ಆವಾಹನೆಗೊಳ್ಳುತ್ತದೆ. ಶನಿವಾರ ಈರುಳ್ಳಿ ಮುಟ್ಟದ ಮೂವರು ಅಂದು ಭಾನುವಾರಕ್ಕೆಂದು ಟಿಶ್ಯೂ ಪೇಪರಿನಲ್ಲಿ ಸುತ್ತಿಕೊಂಡು ಹೋಗುತ್ತಾರೆ.

ಶಾಖಾಭೇದಗಳೂ ಉಂಟು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು ಮೊದಲ ದಿನವೇ ಪೂರ್ವಪಕ್ಷ ಹೂಡಿದರು: “ಅಲ್ರೀ ಸರ, ಗಿರ್ಮಿಟ್ ಇಲ್ಲ, ಮಿರ್ಚಿ ಇಲ್ಲ, ಇದೆಂಥಾ ಸಂಜೀರಿ?” ಕರಾವಳಿಯವರು ನಾವು ಮಂಗಳೂರು ಬಜ್ಜಿ ಎಂದದ್ದನ್ನು ಗೋಳಿಬಜೆ ಎಂದು ತಿದ್ದಿ, ತಿದ್ದಿದ ಶ್ರಮಕ್ಕೆ ಎರಡು ಹೆಚ್ಚಿಗೆ ತೆಗೆದುಕೊಂಡರು.

ಎಲ್ಲಕ್ಕಿಂತ ಜಟಿಲವಾದದ್ದು ಶೇಷದ ಪ್ರಶ್ನೆ. ಯಾಗದಲ್ಲಿ ಉಳಿದ ದ್ರವ್ಯವನ್ನು ವಿಧಿಪೂರ್ವಕ ವಿಲೇವಾರಿ ಮಾಡುವುದಕ್ಕೆ ಪ್ರತಿಪತ್ತಿ ಕರ್ಮ ಎನ್ನುತ್ತಾರೆ. ನಾಲ್ಕೂ ಇಪ್ಪತ್ತರ ಹೊತ್ತಿಗೆ ಹಾಳೆಯ ಮೇಲೆ ಒಂದೇ ಬೋಂಡ ಉಳಿದಿರುತ್ತದೆ. ಎಣ್ಣೆ ಹರಡಿ ಹಾಳೆ ಪಾರದರ್ಶಕವಾಗಿ, ಹಿಂದಿನ ಪುಟದ ಟೆಂಡರ್ ಪ್ರಕಟಣೆ ತಲೆಕೆಳಗಾಗಿ ಕಾಣುತ್ತಿರುತ್ತದೆ. “ತಗೊಳ್ಳಿ ಮೇಡಂ.” “ಅಯ್ಯೋ, ನಂದಾಯ್ತು, ನೀವ್ ತಗೊಳ್ಳಿ.” ಹನ್ನೊಂದು ಜನರೂ ಒಲ್ಲೆವೆನ್ನುತ್ತಾರೆ, ಕಣ್ಣು ಮಾತ್ರ ಯಾರದೂ ಕದಲುವುದಿಲ್ಲ. ಕೊನೆಗೆ ಒಬ್ಬರು, “ಅರ್ಧ ಸಾಕಪ್ಪ” ಎಂದು ಮುರಿದುಕೊಳ್ಳುತ್ತಾರೆ. ಉಳಿದ ಅರ್ಧದಲ್ಲಿ ಮತ್ತೊಬ್ಬರು ಅರ್ಧ. ಅದರಲ್ಲಿ ಇನ್ನೊಬ್ಬರು. ಒಡೆಯುತ್ತ ಹೋದರೆ ಮುಂದೆ ಒಡೆಯಲಾಗದ ಪರಮಾಣು ಸಿಗುತ್ತದೆಂದು ಕಣಾದ ಮಹರ್ಷಿ ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಅದು ಒಂದು ಕರಿಬೇವಿನೆಲೆಗೆ ಅಂಟಿದ ಆಲೂಗಡ್ಡೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ತಿಂದವರನ್ನು ಈವರೆಗೆ ಯಾರೂ ಕಂಡಿಲ್ಲ. ಐದಕ್ಕೆ ನೋಡಿದರೆ ಇರುವುದಿಲ್ಲ, ಅಷ್ಟೆ.

ಪ್ರಾಯಶ್ಚಿತ್ತ ಪ್ರಕರಣ ಚಿಕ್ಕದು. ವಂತಿಗೆ ಕಟ್ಟದೆ ‘ರುಚಿ ನೋಡಿದವರು’ ಮರುದಿನ ಎಲ್ಲರಿಗೂ ಕಾಫಿ ಕೊಡಿಸಬೇಕು, ಬೈ-ಟು ಲೆಕ್ಕಕ್ಕಿಲ್ಲ.

ಕೊನೆಯದು ಭಿನ್ನಮತ. 1969ರಲ್ಲಿ ಕಾಂಗ್ರೆಸ್ ಎರಡು ಹೋಳಾದ ನೆನಪಿಗೇ ಬೆಂಗಳೂರಿನ ಖಾರದ ಹೋಳು ಕಡಲೆಬೀಜಕ್ಕೆ ಆ ಹೆಸರು ಬಿತ್ತೆನ್ನುತ್ತಾರೆ. ನಮ್ಮ ಸಂಘ ಹೋಳಾದದ್ದು ಆ ಕಡಲೆಬೀಜದಿಂದಲೇ. ಬೀಜವನ್ನು ಹಿಡಿಯ ಲೆಕ್ಕದಲ್ಲಿ ಹಂಚಬೇಕೋ ಚಮಚದ ಲೆಕ್ಕದಲ್ಲೋ ಎಂಬ ವಾದದಲ್ಲಿ, ಅಂಗೈ ಅಗಲವಿದ್ದವರೆಲ್ಲ ಒಂದು ಕಡೆ, ಉಳಿದವರು ಇನ್ನೊಂದು ಕಡೆ ಆದರು. ಈಗ ಹಿಡಿ ಸಂಘ, ಚಮಚ ಸಂಘ ಎಂದು ಎರಡು ಚೀಟಿ, ಎರಡು ಪೊಟ್ಟಣ, ಎರಡು ವಂತಿಗೆ ಪುಸ್ತಕ. ತರುವವನು ಮಾತ್ರ ಒಬ್ಬನೇ. ಅಧ್ವರ್ಯುಭಾಗ ಎರಡೂ ಪೊಟ್ಟಣದಿಂದ ಸಲ್ಲುತ್ತದೆ. ಒಂದಾಗೋಣವೆಂಬ ಮಾತು ಆಗಾಗ ಏಳುತ್ತದೆ. ಆಗೆಲ್ಲ, “ಇದ್ದ ಹಾಗೇ ಇರ್ಲಿ ಬಿಡಿ ಸಾರ್, ನಂಗೇನೂ ತೊಂದ್ರೆ ಇಲ್ಲ” ಎಂದು ಅವನೇ ತಡೆಯುತ್ತಾನೆ.