ಹೆಬ್ಬಾಳದಲ್ಲಿ ಮೂಗು ತೂರಿಸುವ ಮಹನೀಯರಿಗೆ

ಸನ್ಮಾನ್ಯರೇ,

ತಮ್ಮ ಹೆಸರಾಗಲಿ ವಿಳಾಸವಾಗಲಿ ಗೊತ್ತಿಲ್ಲದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿ ಬಂದಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ, ಎಸ್ಟೀಮ್ ಮಾಲ್ ಹತ್ತಿರ ಮೇಲ್ಸೇತುವೆ ಹತ್ತುವ ಜಾಗದಲ್ಲಿ ನಾವೆಲ್ಲ ಒಬ್ಬರ ಹಿಂದೊಬ್ಬರು ನಿಂತು ಮೇಖ್ರಿ ಸರ್ಕಲ್ಲಿನ ಧ್ಯಾನ ಮಾಡುತ್ತಿರುತ್ತೇವಲ್ಲ, ಆಗ ಸೇತುವೆಯ ಕೆಳಗೆ ಹೋಗುವವರಿಗೆಂದು ಬಿಟ್ಟ ಎಡ ಲೇನಿನಲ್ಲಿ ಭರ್ರನೆ ಬಂದು, ಇನ್ನೇನು ತಡೆಗೋಡೆಗೆ ಗುದ್ದಬೇಕು ಅನ್ನುವಾಗ ಬಲಕ್ಕೆ ತಿರುಗಿಸಿ ನಮ್ಮ ಮುಂದೆ ಮೂಗು ತೂರಿಸುವವರು ಯಾರೋ, ಅವರೇ ತಾವು. ಬಿಳಿ ಬೋರ್ಡು, ಹಳದಿ ಬೋರ್ಡು, ಕೆಎ 50, ಕೆಎ 03, ಹೊರರಾಜ್ಯ ಎಂಬ ಭೇದ ತಮ್ಮಲ್ಲಿಲ್ಲ. ಜಾತಿ, ಮತ, ಪಕ್ಷ ನೋಡದ ಸಂಘಟನೆಯೊಂದು ಈ ಊರಿನಲ್ಲಿ ಇನ್ನೂ ಉಳಿದಿದ್ದರೆ ಅದು ತಮ್ಮದೇ.

ಮೊದಲಿಗೆ ಅಭಿನಂದನೆ. ತಮ್ಮದು ನಿಜಕ್ಕೂ ಕಲೆ. ನನ್ನ ಬಂಪರಿಗೂ ಮುಂದಿನ ಕ್ಯಾಬಿಗೂ ನಡುವೆ ಒಂದು ಮೊಳ ಜಾಗ ಕಂಡರೆ ಸಾಕು, ಅಲ್ಲಿ ತಮ್ಮ ಬಾನೆಟ್ಟಿನ ಮೂಲೆ ಬಂದು ಕೂತಿರುತ್ತದೆ. ಬಲಗಡೆಯ ಕನ್ನಡಿಯನ್ನು ಮೊದಲೇ ಮಡಚಿರುತ್ತೀರಿ. ಹಿಂದೆ ಯಾರಿದ್ದಾರೆಂದು ನೋಡುವ ದರ್ದು ತಮಗೆಲ್ಲಿದೆ? ಇಂಡಿಕೇಟರ್ ಹಾಕುವುದಿಲ್ಲ, ಹಾಕಿದರೆ ನಮಗೆ ಸುಳಿವು ಸಿಕ್ಕಿ ಜಾಗ ಮುಚ್ಚಿಬಿಡುತ್ತೇವೆ. ಪೂರ್ತಿ ಒಳಗೆ ಬಂದ ಮೇಲೆ ಶಾಸ್ತ್ರಕ್ಕೆ ಎರಡು ಸಲ ಮಿಣುಕಿಸುತ್ತೀರಿ. ಎಲ್ಲಕ್ಕಿಂತ ದೊಡ್ಡದು ಆ ನೋಟ. ತಾವು ಕೂತ ಕಡೆಯ ಕಿಟಕಿ ನನಗೆ ಕೈಯಳತೆಯಲ್ಲೇ ಇರುತ್ತದೆ, ಆದರೂ ಕತ್ತು ಒಂದಿಷ್ಟೂ ಈಚೆಗೆ ಹೊರಳುವುದಿಲ್ಲ. ಕಣ್ಣಿಗೆ ಕಣ್ಣು ಸೇರಿದರೆ ದಾಕ್ಷಿಣ್ಯ ಹುಟ್ಟುತ್ತದೆ, ದಾಕ್ಷಿಣ್ಯ ಹುಟ್ಟಿದರೆ ಸೇತುವೆ ಕೈತಪ್ಪುತ್ತದೆ. ನಾನು ಹಾರ್ನ್ ಹೊಡೆದರೆ ಮಾತ್ರ ಕೈಯೊಂದು ಹೊರಬಂದು, ಐದೂ ಬೆರಳು ಆಡಿಸಿ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ ಸಾರ್’ ಅನ್ನುತ್ತದೆ. ಅಡ್ವಾನ್ಸ್ ಇಲ್ಲದೆ, ಬಾಡಿಗೆ ಇಲ್ಲದೆ ಬೆಂಗಳೂರಿನಲ್ಲಿ ಜಾಗ ಸಿಗುವುದು ಈ ಒಂದು ಮಾತಿಗೆ ಮಾತ್ರ.

‘ನಾನೊಬ್ಬ ನುಗ್ಗಿದರೆ ಯಾರ ಗಂಟು ಹೋಗುತ್ತೆ?’ ಎಂದು ತಾವು ಕೇಳಬಹುದು. ಜಪಾನಿನ ವಿಜ್ಞಾನಿಗಳು 2008ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು ಬಿಟ್ಟು, ಎಲ್ಲರೂ ಒಂದೇ ವೇಗದಲ್ಲಿ ಸುತ್ತಿ ಅಂದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಹಸು ಇಲ್ಲ, ಮೆಟ್ರೊ ಕಾಮಗಾರಿ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ಜಾಮ್ ಆಯಿತು. ಒಬ್ಬ ಚೂರು ನಿಧಾನವಾದ, ಹಿಂದಿನವನು ಅದಕ್ಕಿಂತ ಚೂರು ಹೆಚ್ಚು ನಿಧಾನವಾದ, ಅವನ ಹಿಂದೆಲ್ಲೋ ಒಬ್ಬ ನಿಂತೇಬಿಟ್ಟ. ಆ ಜಾಮ್ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸರಿಯುತ್ತಾ ಹೋಯಿತು. ನಮ್ಮೂರಿನ ಲೆಕ್ಕ ನೋಡಿ. 2024ರಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಾಯಿತೆಂದು ರಸ್ತೆ ಸಂಚಾರ ಅಳೆಯುವ ಟಾಮ್‌ಟಾಮ್ ಕಂಪನಿ ಹೇಳಿತು. ಭಾಗಿಸಿದರೆ ಗಂಟೆಗೆ ಹದಿನೇಳೂವರೆ ಕಿ.ಮೀ. ಅಂದರೆ ನಮ್ಮಲ್ಲಿ ಗಾಡಿ ಮುಂದಕ್ಕೆ ಹೋಗುವುದಕ್ಕಿಂತ ಜೋರಾಗಿ ಜಾಮೇ ಹಿಂದಕ್ಕೆ ಓಡುತ್ತದೆ.

ಹಾಗಾಗಿ ತಾವು ಮೇಖ್ರಿ ಸರ್ಕಲ್ ಮುಟ್ಟಿ ನನ್ನನ್ನು ಮರೆತ ಮೇಲೂ, ತಮ್ಮಿಂದ ನಾನು ಒತ್ತಿದ ಬ್ರೇಕು ಕೊಡಿಗೇಹಳ್ಳಿ ದಾಟಿ ಬ್ಯಾಟರಾಯನಪುರದ ಕಡೆ ಹೊರಟಿರುತ್ತದೆ. ಅಲ್ಲಿ ಯಾರೋ, ‘ಮುಂದೆ ಆಕ್ಸಿಡೆಂಟ್ ಆಗಿರಬೇಕು’ ಅಂದುಕೊಳ್ಳುತ್ತಾರೆ. ಏನೂ ಆಗಿರುವುದಿಲ್ಲ. ತಾವು ಆಗಿರುತ್ತೀರಿ. ಆ 34 ನಿಮಿಷಕ್ಕೆ ಸರ್ಕಾರವನ್ನು ಬೈಯೋಣ. 10 ಸೆಕೆಂಡನ್ನಾದರೂ ತಾವು ತಮ್ಮ ಖಾತೆಗೆ ಹಾಕಿಕೊಳ್ಳಬೇಕು.

ತಮ್ಮ ಪೈಕಿ ಫಾರಿನ್ ನೋಡಿ ಬಂದವರು ಇನ್ನೊಂದು ವಾದ ಹೂಡುತ್ತಾರೆ: ‘ಜರ್ಮನಿಯಲ್ಲಿ ಕೊನೇ ತನಕ ಹೋಗಿ ಸೇರೋದೇ ಕಾನೂನು ಕಣ್ರೀ.’ ನಿಜ. ಅಲ್ಲಿನ ರಸ್ತೆ ಸಂಚಾರ ನಿಯಮಾವಳಿಯ 7ನೇ ಕಲಮಿನಲ್ಲೇ ಅದಿದೆ. ಲೇನೊಂದು ಮುಗಿಯುವ ಕಡೆ, ಅದರ ತುದಿಯ ತನಕ ಹೋಗಿ, ಈ ಕಡೆಯದೊಂದು ಆ ಕಡೆಯದೊಂದು ಗಾಡಿಯಂತೆ ಜಿಪ್ಪಿನ ಹಲ್ಲುಗಳ ಹಾಗೆ ಸೇರಬೇಕು. ಅಮೆರಿಕದ ಮಿನ್ನೆಸೋಟ ರಾಜ್ಯದ ಸಾರಿಗೆ ಇಲಾಖೆಯೂ ಇದನ್ನೇ ಸಾರುತ್ತದೆ. ಇದರಿಂದ ವಾಹನಗಳ ಸಾಲು ಶೇ 40ರವರೆಗೆ ಕುಗ್ಗುತ್ತದೆ ಅನ್ನುತ್ತದೆ. ಆದ್ದರಿಂದ ಮೆಟ್ರೊ ಬ್ಯಾರಿಕೇಡ್ ಅಡ್ಡ ಬಂದು ಲೇನ್ ಮುಗಿದುಹೋದ ಕಡೆ, ತುದಿಯ ತನಕ ಬಂದವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಆದರೆ ಹೆಬ್ಬಾಳದಲ್ಲಿ ತಮ್ಮ ಲೇನ್ ಮುಗಿಯುವುದಿಲ್ಲ ಸ್ವಾಮಿ, ಸೇತುವೆಯ ಕೆಳಗೆ ಹಾದು ನಾಗವಾರದ ಕಡೆ ಹೋಗುತ್ತದೆ. ತಮಗೆ ನಾಗವಾರ ಬೇಡ, ನಾಗವಾರದವರ ಲೇನ್ ಬೇಕು. ಪಾಪ, ನಿಜವಾಗಿಯೂ ನಾಗವಾರಕ್ಕೆ ಹೋಗಬೇಕಾದವನು ತಮ್ಮ ಹಿಂದೆ ಸಿಕ್ಕಿಕೊಂಡು, ತಾವು ಬಲಕ್ಕೆ ನುಸುಳುವ ತನಕ ಸ್ಟೇರಿಂಗಿಗೆ ತಲೆ ಚಚ್ಚಿಕೊಳ್ಳುತ್ತಿರುತ್ತಾನೆ. ಇನ್ನು ಜರ್ಮನಿಯಲ್ಲಿ ಒಂದಾದ ಮೇಲೆ ಒಂದು. ಇಲ್ಲಿ ತಮ್ಮ ಬಾಲ ಹಿಡಿದು ಇನ್ನೊಬ್ಬರು, ಅವರ ಬಾಲ ಹಿಡಿದು ಒಂದು ಆಟೊ, ಆಟೊ ಬಿಟ್ಟ ಸಂದಿಯಲ್ಲಿ ಎರಡು ಡೆಲಿವರಿ ಬೈಕು.

ಪತ್ರದ ಒಂದು ಪ್ರತಿಯನ್ನು ನನ್ನ ಲೇನಿನ ಶೂರರಿಗೂ ಕಳಿಸುತ್ತಿದ್ದೇನೆ. ಸೇತುವೆ ಮೇಲೆ ಲೂಪ್ ರಸ್ತೆಯಿಂದ ನ್ಯಾಯವಾಗಿ ಬಂದು ಕೂಡಬೇಕಾದವರಿಗೂ ಒಂದಿಂಚು ಬಿಡದೆ, ಬಂಪರಿಗೆ ಬಂಪರ್ ಅಂಟಿಸಿ ಗಡಿ ಕಾಯುವವರು ಅವರು. ಇಂಡಿಕೇಟರ್ ಹಾಕಿ ದಾರಿ ಕೇಳುವ ಸಂಭಾವಿತನಿಗೆ ಗೋಡೆಯಾಗುತ್ತಾರೆ, ಕೇಳದೆ ನುಗ್ಗುವ ತಮಗೆ ಬಾಗಿಲಾಗುತ್ತಾರೆ. ಬಣ್ಣ ಕೆರೆದುಹೋದೀತೆಂಬ ಭಯಕ್ಕೆ ನಮ್ಮಲ್ಲಿ ಸಿಗುವಷ್ಟು ಮರ್ಯಾದೆ ಸೌಜನ್ಯಕ್ಕೆ ಸಿಗುವುದಿಲ್ಲ ಎಂಬುದನ್ನು ತಾವು ಎಲ್ಲರಿಗಿಂತ ಮೊದಲು ಕಂಡುಕೊಂಡಿರಿ.

ಸರ್ಕಾರವೂ ತಮ್ಮನ್ನು ಕೈಬಿಟ್ಟಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಗುವುದಕ್ಕೂ ಮೊದಲೇ ಕಟ್ಟಿದ ಸೇತುವೆ ಇದು. ಸಾಲದೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) 2025ರ ಆಗಸ್ಟ್‌ನಲ್ಲಿ ಹೊಸ ಲೂಪ್ ತೆರೆಯಿತು. ಅದೂ ಸಾಲದೆಂದು ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ ಕೊರೆಯುವ ಯೋಜನೆ ಇದೆ. ಬಂಡೆ ಒಡೆಯುವ ಯಂತ್ರ ತರಬಹುದು. ಆದರೆ ಸುರಂಗವೂ ಎಲ್ಲೋ ಒಂದು ಕಡೆ ಮೇಲಕ್ಕೆ ಬರಲೇಬೇಕಲ್ಲ? ಅಲ್ಲಿ ಮತ್ತೆ ಲೇನಿಗೆ ಲೇನ್ ಕೂಡುತ್ತದೆ, ಅಲ್ಲಿ ತಾವು ಮೊದಲೇ ಹಾಜರಿರುತ್ತೀರಿ.

ದಂಡದ ಭಯವೂ ತಮಗೆ ಬೇಡ. ಕ್ಯಾಮೆರಾಗೆ ಹೆಲ್ಮೆಟ್ ಇಲ್ಲದ ತಲೆ ಕಾಣುತ್ತದೆ, ತೂರಿಸಿದ ಮೂಗು ಕಾಣುವುದಿಲ್ಲ. ಕಂಡರೂ ಕಾಯುವ ಸಂಯಮ ಇದ್ದವನಿಗೆ ಲಾಭವೇ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟರು, 2025ರಲ್ಲಿ ಮತ್ತೆ ಕೊಟ್ಟರು. ಸೀರೆಗೆ ಆಷಾಢದಲ್ಲಿ ಡಿಸ್ಕೌಂಟ್ ಇದ್ದ ಮೇಲೆ ಪಾಪಕ್ಕೂ ಒಂದು ಸೀಸನ್ ಬೇಡವೇ? ರಸ್ತೆಯಲ್ಲಿ ಎಲ್ಲಿಯೂ ನಿಲ್ಲದಿದ್ದವರು ಅರ್ಧ ದಂಡ ಕಟ್ಟುವುದಕ್ಕೆ ಮಾತ್ರ ಶಿಸ್ತಾಗಿ ಸಾಲಿನಲ್ಲಿ ನಿಂತರು. ನಿಲ್ಲಲು ಬರುತ್ತದೆ ಎಂದಾಯಿತು. ರಿಯಾಯಿತಿ ಇರಬೇಕು, ಅಷ್ಟೇ.

ಕೊನೆಗೊಂದು ವ್ಯವಹಾರದ ಮಾತು. ತಮ್ಮ ವೇಗಕ್ಕೆ ತಾವು ಬಂಕಿನಲ್ಲಿ ಹಾಕಿಸಿದ ಪೆಟ್ರೋಲ್ ಕಾರಣವಲ್ಲ, ಸಾಲಿನಲ್ಲಿ ನಿಂತ ನಾವು ಕಾರಣ. ಎಲ್ಲರೂ ನುಗ್ಗುವ ಊರಿನಲ್ಲಿ ನುಗ್ಗಿದವನಿಗೆ ಏನೂ ಗಿಟ್ಟುವುದಿಲ್ಲ. ನಿಂತವರಿದ್ದರಷ್ಟೇ ನುಗ್ಗಿದವನು ಮುಂದೆ. ಈ ಲೆಕ್ಕದಲ್ಲಿ ನಾವು ತಮ್ಮ ಬಂಡವಾಳ, ಅದಕ್ಕೆ ಬಡ್ಡಿ ಕೇಳುತ್ತಿದ್ದೇವೆ. ಬಡ್ಡಿ ದೊಡ್ಡದೇನಲ್ಲ. ನ್ಯಾಯವಾಗಿ ಕೂಡುವ ಜಾಗದಲ್ಲಿ ಒಂದು ಗಾಡಿ ಬಿಡಿ, ಆಮೇಲೆ ತಾವು ಬನ್ನಿ. ಅಷ್ಟೂ ಆಗದೆಂದರೆ, ಒಂದು ಸೋಮವಾರ ಬೆಳಿಗ್ಗೆ ಸಾಲಿನವರೆಲ್ಲ ಮುಷ್ಕರ ಹೂಡಿ ತಮ್ಮ ಎಡ ಲೇನಿಗೇ ಬಂದುಬಿಡುತ್ತೇವೆ. ಅಂದು ಬಲ ಲೇನ್ ಖಾಲಿ ಇರುತ್ತದೆ, ಆದರೆ ಅದನ್ನು ಮುಟ್ಟಲು ತಾವು ನಮ್ಮ ಹಿಂದೆ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಆಗ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ಇಂತಿ,
ಹಾರ್ನ್ ಹೊಡೆದೂ ಹೊಡೆದೂ ಸಾಕಾದ,
ಬಲ ಲೇನಿನವನು