ಜನವರಿಯಲ್ಲಿ ಹುಟ್ಟಿದ ಅಕ್ಕ

ಇಂಗ್ಲಿಷ್ ಕಲಿಸಲು ಬನ್ನಿ ಎಂದು ಕೊರಿಯಾ ವೀಸಾ ಕೊಡುವುದು ಮಾಮೂಲಾಗಿ ಏಳು ದೇಶಗಳವರಿಗೆ. ಅಮೆರಿಕ, ಬ್ರಿಟನ್ ಮುಂತಾದ, ಮನೆಯೊಳಗೂ ಇಂಗ್ಲಿಷಿನಲ್ಲೇ ಜಗಳ ಕಾಯುವ ಜನ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದದಲ್ಲಿ, ಸುಂಕ ಸರಕುಗಳ ಮಧ್ಯೆ ಎಲ್ಲೋ ಒಂದು ಕಡೆ, ಶಿಕ್ಷಕ ತರಬೇತಿ ಪಡೆದ ನಮ್ಮವರಿಗೂ ಸಹಾಯಕ ಶಿಕ್ಷಕರಾಗಲು ಸಂದು ಬಿಟ್ಟರು. ಆ ಸಂದಿನಲ್ಲಿ ನುಸುಳಿ ನಾನು ಬುಸಾನ್ ಸೇರಿದೆ. ವಯಸ್ಸು, ಮದುವೆ, ಸಂಬಳ ವಿಚಾರಿಸುವ ಸೋದರತ್ತೆಯರಿಂದ ಪಾರಾದೆ ಎಂಬ ಹಿಗ್ಗೂ ಜೊತೆಗಿತ್ತು.

ಸ್ಟಾಫ್ ರೂಮಿನಲ್ಲಿ ಕುರ್ಚಿ ಎಳೆದುಕೊಂಡು ಕೂತೆನೋ ಇಲ್ಲವೋ, ವಯಸ್ಸು ಕೇಳಿದರು. ಆಮೇಲೆ ಮದುವೆ. ಆಮೇಲೆ, ಯಾಕೆ ಆಗಿಲ್ಲ.

ಅವರದ್ದು ಬರೀ ಕುತೂಹಲವಲ್ಲ ಅನ್ನುವುದು ತಡವಾಗಿ ತಿಳಿಯಿತು. ಎದುರಿಗಿರುವವರು ಹಿರಿಯರೋ ಕಿರಿಯರೋ ಗೊತ್ತಾಗದೆ ಕೊರಿಯನ್ನರಿಗೆ ಒಂದು ವಾಕ್ಯ ಮುಗಿಸುವುದೂ ಕಷ್ಟ. ಹಿಂದೆಲ್ಲ ಲೆಕ್ಕವೂ ವಿಚಿತ್ರವಾಗಿತ್ತು. ಹುಟ್ಟಿದ ಕೂಡಲೇ ಮಗುವಿಗೆ ಒಂದು ವರ್ಷ, ಹೊಸ ವರ್ಷದ ದಿನ ಊರಿಗೆಲ್ಲ ಇನ್ನೊಂದು. ಡಿಸೆಂಬರ್ 31ಕ್ಕೆ ಹುಟ್ಟಿದ ಕೂಸು ಮಾರನೆಯ ದಿನವೇ ಎರಡು ವರ್ಷದ್ದು! 2023ರ ಜೂನ್ 28ರಂದು ಕಾನೂನು ತಂದು ಇದನ್ನು ಸರಿಪಡಿಸಿದರು. ಯಾವ ಕ್ರೀಮಿನಿಂದಲೂ ಆಗದ ಕೆಲಸ. ಇಡೀ ದೇಶ ಒಂದೆರಡು ವರ್ಷ ಚಿಕ್ಕದಾಯಿತು. ಆದರೆ ಸ್ಟಾಫ್ ರೂಮಿಗೆ ಕಾನೂನು ನಾಟಲಿಲ್ಲ. ಅಲ್ಲಿ ಕೇಳುವುದು ಹುಟ್ಟಿದ ಇಸವಿ.

ನಾನೂ ಪಕ್ಕದ ಮೇಜಿನ ಟೀಚರೂ ಒಂದೇ ಇಸವಿಯವರು. ಸದ್ಯ, ಸಮವಯಸ್ಕಳೊಬ್ಬಳು ಸಿಕ್ಕಳು ಅಂದುಕೊಂಡೆ. ಆಕೆ ತಲೆಯಾಡಿಸಿದಳು. ಆಕೆ ಜನವರಿಯವಳು. ಅಲ್ಲಿ ಶಾಲೆ ಶುರುವಾಗುವುದು ಮಾರ್ಚಿನಲ್ಲಿ. ಆಗಿನ ನಿಯಮದ ಪ್ರಕಾರ ಜನವರಿ, ಫೆಬ್ರವರಿಯ ಮಕ್ಕಳು ಹಿಂದಿನ ಇಸವಿಯವರ ಜೊತೆಗೇ ಒಂದನೇ ಕ್ಲಾಸಿಗೆ ಸೇರುತ್ತಿದ್ದರು. "ನೀನು ನನಗೆ ಸಮ ಅಂದರೆ ನನ್ನ ಕ್ಲಾಸ್‌ಮೇಟುಗಳಿಗೂ ಸಮ ಆಗ್ತೀಯ. ಅವರು ನಿನಗಿಂತ ಒಂದು ವರ್ಷ ದೊಡ್ಡವರು. ಅದು ಹೇಗಾಗುತ್ತೆ?" ಪಿ.ಟಿ. ಮೇಷ್ಟ್ರು ಆಕೆಯ ಪರ, ಸಂಗೀತದ ಟೀಚರು ನನ್ನ ಪರ. ಅಣ್ಣತಮ್ಮಂದಿರ ಆಸ್ತಿ ಪಾಲಿನ ಪಂಚಾಯಿತಿಯಂತೆ ವಾದ ಬೆಳೆಯಿತು. ಕೊನೆಗೆ ಹೋಟೆಲಿನಲ್ಲಿ ಬಿಲ್ಲು ಕೊಡುವುದು ದೊಡ್ಡವರ ಕರ್ತವ್ಯ ಎಂದು ಯಾರೋ ಬಾಯಿಬಿಟ್ಟರು. ನಾನು ತಕ್ಷಣ ತಂಗಿಯಾದೆ. ಅಂದಿನಿಂದ ಆಕೆ ನನಗೆ 'ಒನ್ನಿ', ಅಂದರೆ ಅಕ್ಕ.

ಅಕ್ಕನಾದವಳು ಸುಮ್ಮನಿರುತ್ತಾಳೆಯೇ? ಸ್ವೆಟರ್ ತೆಳುವಾಯಿತು ಅನ್ನುತ್ತಾಳೆ, ಮುಖ ಬಾಡಿದೆ ಅನ್ನುತ್ತಾಳೆ. ಶಾಲೆಯ ಊಟದ ಹಾಲಿನಲ್ಲಿ ನನ್ನ ಸ್ಟೀಲ್ ತಟ್ಟೆಗೆ ಇಣುಕಿ ಅಡುಗೆಯವರನ್ನು ವಿಚಾರಣೆಗೆ ಎಳೆಯುತ್ತಾಳೆ. "ಇದರಲ್ಲಿ ಮಾಂಸ ಇದೆಯಾ?" "ಇಲ್ಲವೇ ಇಲ್ಲ, ಹ್ಯಾಮ್ ಅಷ್ಟೇ." ಸಾರಿಗೆ ಒಣಮೀನು, ಕಿಮ್ಚಿಗೆ ಉಪ್ಪಿನಲ್ಲಿ ಕಳಿತ ಸಿಗಡಿ. ಕೊನೆಗೆ ಬೇಸತ್ತು ನನ್ನನ್ನು ಬೊಮೊಸಾ ಎಂಬ ಏಳನೇ ಶತಮಾನದ ಬೌದ್ಧ ದೇವಾಲಯಕ್ಕೆ ಕರೆದೊಯ್ದಳು. ಭಿಕ್ಷುಗಳ ಅಡುಗೆಯಲ್ಲಿ ಮೀನು ಮಾಂಸ ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಆಕೆ ಒಂದು ತುತ್ತಿಗೇ "ಸಪ್ಪೆ" ಎಂದು ಮುಖ ಕಿವುಚಿದಳು. ನನಗೋ ಅಜ್ಜನ ತಿಥಿಯ ಊಟ ಉಂಡ ತೃಪ್ತಿ. ಎರಡು ಸಲ ಬಡಿಸಿಕೊಂಡೆ.

ಚಳಿಗಾಲದ ಕಿಮ್ಚಿ ಹಾಕುವ ಕಾಲವಾದ ನವೆಂಬರಿನಲ್ಲೇ ಕಾಲೇಜು ಪ್ರವೇಶದ ಮಹಾಪರೀಕ್ಷೆ ಸುನುಂಗ್ ಕೂಡ. ಇಂಗ್ಲಿಷ್ ಕೇಳಿ ಬರೆಯುವ ಭಾಗ ನಡೆಯುವಷ್ಟು ಹೊತ್ತು ದೇಶದಲ್ಲಿ ಯಾವ ವಿಮಾನವೂ ಏರುವಂತಿಲ್ಲ, ಇಳಿಯುವಂತಿಲ್ಲ. ನಮ್ಮ ಊರಿನಲ್ಲಿ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪರೀಕ್ಷೆ ದಿನ ಪಕ್ಕದ ಛತ್ರದ ಮೈಕನ್ನೂ ನಿಲ್ಲಿಸಲಾಗುತ್ತಿರಲಿಲ್ಲ. ನನ್ನ ಸಬ್ಜೆಕ್ಟಿಗೆ ಆಕಾಶದಲ್ಲೂ ಇಷ್ಟು ಮರ್ಯಾದೆ ಎಂದು ಎರಡು ದಿನ ಬೀಗಿದೆ.

ಆ ವಾರವೇ ಒನ್ನಿ ಕಿಮ್ಚಿ ಹಾಕಲು ತನ್ನ ತಾಯಿಯ ಮನೆಗೆ ಕರೆದಳು. ಹೆಂಗಸರೆಲ್ಲ ಕೆಂಪು ಗ್ಲೌಸು ತೊಟ್ಟು ಕೋಸಿನ ಎಲೆ ಎಲೆಗೂ ಮಸಾಲೆ ಸವರುತ್ತಿದ್ದರು. ನನ್ನ ಪಾಲಿಗೆ ಮೀನು ಸೋಕದ ಒಂದು ಡಬ್ಬ ಬೇರೆ ಇಟ್ಟು, ಒನ್ನಿ ಅದರ ಪಕ್ಕದಲ್ಲೇ ಕಾವಲು ಕೂತಳು. ಆಕೆ ಫೋನಿಗೆಂದು ಎದ್ದದ್ದೇ ತಡ, ತಾಯಿ ನನ್ನ ಡಬ್ಬದ ರುಚಿ ನೋಡಿ, ಅಯ್ಯೋ ಪಾಪ ಎಂಬಂತೆ ನನ್ನತ್ತ ತಿರುಗಿ, ಬಾಟಲಿಯಿಂದ ಒಂದು ಸೌಟು ಸುರಿದೇಬಿಟ್ಟರು. ಒನ್ನಿ ಓಡಿಬಂದು ಕೂಗಾಡಿದಳು. "ಇದೇನು ಮೀನಾ?" ಎಂದರು ತಾಯಿ. "ಮೀನಿನ ನೀರು ಅಷ್ಟೇ." ಜನವರಿಯಲ್ಲಿ ಹುಟ್ಟಿದ ಹಿರಿತನ ಅಲ್ಲಿ ನಡೆಯಲಿಲ್ಲ.

ಡಬ್ಬ ನನ್ನ ಫ್ರಿಜ್ಜಿನಲ್ಲಿದೆ. ಕೆಳಗಿನ ಮನೆಯವರಿಗೆ ಗುಟ್ಟಾಗಿ ಸ್ವಲ್ಪ ಸ್ವಲ್ಪವೇ ದಾಟಿಸುತ್ತಿದ್ದೇನೆ. ತಾಯಿ ಮಗಳ ಮೂಲಕ ವಾರವಾರ ವಿಚಾರಿಸುತ್ತಾರೆ, ಮುಗಿಯಿತಾ ಎಂದು. ಇನ್ನೂ ಇದೆ ಅಂದರೆ ಯಾಕೆ ತಿಂದಿಲ್ಲ ಎಂಬ ನೋವು. ಮುಗಿಯಿತು ಅಂದರೆ ಇನ್ನೊಂದು ಡಬ್ಬ.